ಗೊರಕೆ ಮಷೀನ್ ಕಪಾಟಿನಲ್ಲಿ ಕೂತರೆ ತಪ್ಪು ಯಾರದು?

ನಮ್ಮ ಕೊಂಕಲ್‌ನಲ್ಲಿ ನನ್ನ ಕಾಕಾ ಟಂಟಂ ಓಡಿಸುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿ ಹೆಣ್ಣುಮಕ್ಕಳನ್ನು ನಸುಕಿನಲ್ಲೇ ಹೊಲಕ್ಕೆ ಬಿಡುವುದು, ಸಂಜೆ ತಿರುಗಿ ಕರೆದುಕೊಂಡು ಬರುವುದು ಅವರ ಕೆಲಸ. ಹೋದ ಸುಗ್ಗಿಯಲ್ಲಿ ಒಂದು ಸಂಜೆ ಹ್ಯಾಂಡಲ್ ಹಿಡಿದಂತೆಯೇ ಕಾಕಾನ ಕಣ್ಣು ಮುಚ್ಚಿತು. ಗಾಡಿ ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ಇಳಿಯಿತು. ಹಿಂದೆ ಒಂಬತ್ತು ಮಂದಿ ಕೂತಿದ್ದರು. ಹೊಲ ರಸ್ತೆಗೆ ಸಮನಾಗಿತ್ತು, ಗಾಡಿ ನಿಧಾನವಿತ್ತು. ಯಾರಿಗೂ ಏನೂ ಆಗಲಿಲ್ಲ.

ಊರಲ್ಲಿ "ಕುಡ್ದು ಹೊಡ್ದಾನ" ಅಂತ ಮಾತಾಯಿತು. ಕಾಕಾ ಕುಡಿಯುವವರಲ್ಲ. ಅವರಿಗೆ ಸ್ಲೀಪ್ ಅಪ್ನಿಯಾ ಇದೆ ಎಂದು ಅದಕ್ಕೆ ಏಳು ತಿಂಗಳ ಮೊದಲೇ ಡಾಕ್ಟರು ಹೇಳಿದ್ದರು. ತೊಗರಿ ಮಾರಿದ ದುಡ್ಡಿನಲ್ಲಿ ಸಿಪ್ಯಾಪ್ ಮಷೀನೂ ಬಂದಿತ್ತು. ಆದರೆ ಅದು ಕರಿ ಬ್ಯಾಗಿನೊಳಗೆ, ಕಪಾಟಿನ ಮೇಲೆ ಕೂತಿತ್ತು. ಕೆಳಗಿಳಿಸಿ ಹಚ್ಚಿ ನೋಡಿದರೆ ಅದರ ಪರದೆಯೇ ಲೆಕ್ಕ ಹೇಳಿತು: ಏಳು ತಿಂಗಳಲ್ಲಿ ಬಳಸಿದ್ದು 11 ರಾತ್ರಿ.

"ಯಾಕ ಕಾಕಾ?" ಅಂತ ಕೇಳಿದೆ.

"ಯಪ್ಪಾ, ಅದು ಹಾಕ್ಕೊಂಡ್ರ ಎತ್ತಿಗಿ ಮೂಗುದಾರ ಹಾಕಿದಂಗ ಆಗ್ತದ. ಮೂಗಿನ ಮ್ಯಾಲ ಹುಣ್ಣಾಯ್ತು. ಕಣ್ಣಾಗ ಗಾಳಿ ಹೊಡಿತದ. ನನಗ ಅದು ಆಗಿ ಬರಲ್ಲ" ಅಂದರು.

ಮನೆಯವರೆಲ್ಲ ಕಾಕಾನನ್ನೇ ಬೈದರು. ಇಷ್ಟು ದುಡ್ಡು ಸುರಿದು ಒಂದು ಮಾಸ್ಕ್ ಹಾಕಿಕೊಳ್ಳಲು ಇವರಿಗೇನು ಧಾಡಿ ಎಂದು ನಾನೂ ಅಂದುಕೊಂಡೆ. ಆಮೇಲೆ ಅವರ ಜೊತೆ ಓಡಾಡಿ, ಒಂದೊಂದೇ ತೊಡಕು ಬಿಡಿಸಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಮಷೀನ್ ಕಪಾಟು ಸೇರಿದರೆ ಅದರಲ್ಲಿ ರೋಗಿಯ ತಪ್ಪು ಸ್ವಲ್ಪ. ಮಾಸ್ಕ್ ಸರಿಯಾಗಿ ಕೂಡಿಸದೆ ಡಬ್ಬಿ ಕೈಗಿಟ್ಟು ಹೋದವರ ತಪ್ಪೇ ಹೆಚ್ಚು.

ಇದು ಬರೀ ಗೊರಕೆ ಅಲ್ಲ

ನಿದ್ದೆಯಲ್ಲಿ ಗಂಟಲಿನ ಹಿಂದಿನ ಮೆತ್ತನೆಯ ಮಾಂಸ ಸಡಿಲಾಗಿ ಉಸಿರಿನ ದಾರಿಗೆ ಅಡ್ಡ ಬರುತ್ತದೆ. ದಾರಿ ಇಕ್ಕಟ್ಟಾದಾಗ ಬರುವ ಸದ್ದೇ ಗೊರಕೆ. ಪೂರ್ತಿ ಮುಚ್ಚಿದಾಗ ಸದ್ದೂ ಇಲ್ಲ, ಉಸಿರೂ ಇಲ್ಲ. 10 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹೀಗಾದರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಉಸಿರು ನಿಂತದ್ದು, ಅರ್ಧಂಬರ್ಧ ಆಡಿದ್ದು ಎರಡನ್ನೂ ಕೂಡಿಸಿ ಗಂಟೆಗೆ 5ರಿಂದ 15 ಬಂದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಕಾಕಾನ ರಿಪೋರ್ಟಿನಲ್ಲಿ 42 ಇತ್ತು.

ನಮ್ಮ ಸಣ್ಣವ್ವ ಇದನ್ನು ಯಾವ ರಿಪೋರ್ಟಿಗಿಂತ ಮೊದಲೇ ಕಂಡಿದ್ದಳು. "ಗೊರಕಿ ಹೊಡಿತಾ ಹೊಡಿತಾ ಒಮ್ಮಿಂದೊಮ್ಮೆ ಸುಮ್ನಾಗ್ತಾರ. ನನ್ನ ಎದಿ ಧಸಕ್ ಅಂತದ. ಮೂಗಿನ ಮುಂದ ಕೈ ಹಿಡ್ದು ನೋಡ್ತೀನಿ" ಅನ್ನುತ್ತಿದ್ದಳು.

ಪ್ರತಿ ಸಲ ಉಸಿರು ನಿಂತಾಗ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಎದ್ದದ್ದು ಆ ಮನುಷ್ಯನಿಗೆ ನೆನಪೂ ಇರುವುದಿಲ್ಲ. ಎಂಟು ತಾಸು ಮಲಗಿದರೂ ನಿದ್ದೆ ಆಗಿರುವುದಿಲ್ಲ. ಬೆಳಗ್ಗೆ ತಲೆನೋವು, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಕೂತಲ್ಲೇ ತೂಕಡಿಕೆ, ಮಾತ್ರೆ ನುಂಗಿದರೂ ಇಳಿಯದ ಬಿಪಿ, ಇವೆಲ್ಲ ಅದರ ಗುರುತು. ಹಾಗೇ ಬಿಟ್ಟರೆ ಹೃದಯದ ಕಾಯಿಲೆ, ಲಕ್ವ ಹೊಡೆಯುವ ಅಪಾಯ ಹೆಚ್ಚುತ್ತದೆ. ಹಾಡುಗಾರ ಬಪ್ಪಿ ಲಹಿರಿ 2022ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ತೀರಿಕೊಂಡಾಗ ಡಾಕ್ಟರು ಹೇಳಿದ ಕಾರಣ ಇದೇ ಕಾಯಿಲೆ. ಇದು ದಪ್ಪಗಿದ್ದವರಿಗೆ, ಸಿರಿವಂತರಿಗೆ ಮಾತ್ರ ಬರುವುದು ಅಂದುಕೊಳ್ಳಬೇಡಿ. ತೆಳ್ಳಗಿದ್ದವರಿಗೂ ಬರುತ್ತದೆ, ಮುಟ್ಟು ನಿಂತ ಹೆಣ್ಣುಮಕ್ಕಳಿಗೂ ಬರುತ್ತದೆ. ದೇಶದಲ್ಲಿ ದುಡಿಯುವ ವಯಸ್ಸಿನ 10 ಕೋಟಿಗೂ ಹೆಚ್ಚು ಮಂದಿಗೆ ಇದು ಇರಬಹುದು ಎಂದು ದೆಹಲಿಯ ಏಮ್ಸ್ ಡಾಕ್ಟರುಗಳು 2023ರಲ್ಲಿ ಅಂದಾಜು ಮಾಡಿದ್ದಾರೆ.

ಮೊದಲ ದಿನದಿಂದಲೂ ತಕರಾರು ಮಾಸ್ಕಿನದೇ

ಸಿಪ್ಯಾಪ್ ಮಷೀನ್ ಮಾಡುವುದು ಒಂದೇ ಕೆಲಸ. ಪೈಪಿನಲ್ಲಿ ಮೆಲ್ಲಗೆ ಒತ್ತಡದ ಗಾಳಿ ಕಳಿಸಿ, ಆ ದಾರಿ ಮುಚ್ಚದಂತೆ ಹಿಡಿದಿಡುತ್ತದೆ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದರೆ ಅದು ಚಪ್ಪಟೆಯಾಗದೆ ನಿಲ್ಲುವಂತೆ.

ಇದನ್ನು ಕಂಡುಹಿಡಿದವರು ಆಸ್ಟ್ರೇಲಿಯಾದ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್. 1981ರಲ್ಲಿ ಐದು ರೋಗಿಗಳ ಮೇಲೆ ಮಾಡಿ ತೋರಿಸಿದರು. ಆ ಶುರುವಿನ ಕಾಲದ ಮಷೀನಿನಲ್ಲಿ ಇದ್ದದ್ದು ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರು. ಗಾಳಿ ಸೋರಬಾರದೆಂದು ಮಾಸ್ಕನ್ನು ದಿನಾ ರಾತ್ರಿ ಮೂಗಿಗೆ ಅಂಟು ಹಚ್ಚಿ ಕೂಡಿಸಿ, ಬೆಳಗ್ಗೆ ಕಿತ್ತು ತೆಗೆಯಬೇಕಿತ್ತು. ಗಾಳಿ ಊದುವ ಉಪಾಯ ಅಂದೇ ಸಿಕ್ಕಿತ್ತು. ಅದನ್ನು ಮನುಷ್ಯನ ಮುಖಕ್ಕೆ ನೋವಿಲ್ಲದೆ ಸೇರಿಸುವುದೇ ಕಷ್ಟವಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಮಾಸ್ಕುಗಳು ಬಹಳ ಸುಧಾರಿಸಿವೆ. ಆದರೆ ಅಳತೆ ನೋಡಿ ಕೊಟ್ಟರೆ ಮಾತ್ರ ಆ ಸುಧಾರಣೆಯ ಲಾಭ.

ಚಪ್ಪಲಿ ತೆಗೆದುಕೊಳ್ಳುವಾಗ ನಾವು ಕಾಲಿಗೆ ಹಾಕಿ, ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಕಾಕಾಗೆ ಮಾಸ್ಕ್ ಕೊಟ್ಟವರು ಮುಖ ಅಳೆಯಲಿಲ್ಲ. ಡಬ್ಬಿಯಲ್ಲಿದ್ದದ್ದನ್ನು ತೆಗೆದು, ಕೂತಲ್ಲೇ ಕಟ್ಟಿ, ಬಟನ್ ತೋರಿಸಿ, ಹತ್ತು ನಿಮಿಷದಲ್ಲಿ ಹೊರಟುಹೋದರು. ಆಮೇಲೆ ಫೋನ್ ಮಾಡಿದರೆ ಸಿಕ್ಕ ಉತ್ತರ: "ರೂಢಿ ಆಗ್ತದ ಬಿಡ್ರಿ."

ರೂಢಿ ಆಗಲಿಲ್ಲ. ಕೊನೆಗೆ ಕಲಬುರಗಿಯಲ್ಲಿ ಬೇರೊಬ್ಬ ಟೆಕ್ನಿಷಿಯನ್ ಮುಕ್ಕಾಲು ತಾಸು ಕೂತು ಸರಿ ಮಾಡಿಕೊಟ್ಟರು. ಅಲ್ಲಿ ಕಲಿತದ್ದು, ಆಮೇಲೆ ಮನೆಯಲ್ಲಿ ತಿಳಿದದ್ದು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಬ್ಯಾಗ್ ಇದ್ದರೆ ಉಪಯೋಗಕ್ಕೆ ಬಂದೀತು.

ಒಂದೊಂದು ತೊಡಕು, ಒಂದೊಂದು ದಾರಿ

ಮೂಗಿನ ಮೇಲೆ ಹುಣ್ಣು: ಕಾಕಾ ಗಾಳಿ ಸೋರುತ್ತದೆ ಎಂದು ಬೆಲ್ಟ್ ಎಳೆದು ಎಳೆದು ಬಿಗಿಯುತ್ತಿದ್ದರು. ಬಿಗಿದಷ್ಟೂ ಮಾಸ್ಕಿನ ಮೆತ್ತನೆಯ ಅಂಚು ಮಡಚಿ ಇನ್ನೂ ಸೋರುತ್ತದೆ. ಆ ಅಂಚು ಗಾಳಿ ತುಂಬಿಕೊಂಡು ಉಬ್ಬಿ ಮುಖಕ್ಕೆ ಕೂಡಬೇಕು. ಬೆಲ್ಟಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲಿ. ಸೋರಿದರೆ ಬಿಗಿಯುವ ಮೊದಲು, ಮಾಸ್ಕನ್ನು ಮುಖದಿಂದ ಸ್ವಲ್ಪ ಎತ್ತಿ ಮತ್ತೆ ಮೆಲ್ಲಗೆ ಕೂಡಿಸಿ. ಬೆಳಗ್ಗೆ ಕೆಂಪು ಗುರುತು ಬಿದ್ದು ಸ್ವಲ್ಪ ಹೊತ್ತಿಗೆ ಮಾಯವಾದರೆ ಚಿಂತೆಯಿಲ್ಲ. ಚರ್ಮ ಸುಲಿದರೆ ಮಾತ್ರ ಅಳತೆ ಅಥವಾ ಮಾದರಿ ಬದಲಿಸಲೇಬೇಕು.

ಕಣ್ಣಿಗೆ ಗಾಳಿ: ಅಳತೆ ದೊಡ್ಡದಾದಾಗ, ಮೇಲಿನ ಬೆಲ್ಟ್ ಎಡಬಲ ಸಮ ಇಲ್ಲದಾಗ ಹೀಗಾಗುತ್ತದೆ. ಕೂತು ಕಟ್ಟಿದ ಮಾಸ್ಕ್ ಮಲಗಿದಾಗ ಸರಿಯುತ್ತದೆ, ಏಕೆಂದರೆ ಮಲಗಿದಾಗ ಕೆನ್ನೆಯ ಆಕಾರವೇ ಬೇರೆ. ಮಷೀನ್ ಹಚ್ಚಿ, ಮಲಗಿಕೊಂಡು, ಮಗ್ಗುಲು ಬದಲಿಸಿ ನೋಡಿ ಬೆಲ್ಟ್ ಸರಿ ಮಾಡಬೇಕು. ರಾತ್ರಿ ಹಲ್ಲಿನ ಸೆಟ್ ತೆಗೆದಿಡುವ ಹಿರಿಯರು ಮಾಸ್ಕ್ ಅಳತೆಯನ್ನೂ ಸೆಟ್ ತೆಗೆದೇ ಕೊಡಬೇಕು.

ಮೀಸೆ: ಕಾಕಾನ ದಪ್ಪ ಮೀಸೆಯ ಸಂದಿನಿಂದ ಗಾಳಿ ಹೋಗುತ್ತಿತ್ತು. "ಮೀಸಿ ತೆಗಿ ಅಂದ್ರ ಮಷೀನೇ ಒಯ್ರಿ" ಅಂದುಬಿಟ್ಟರು. ತೆಗೆಯಬೇಕಿಲ್ಲ. ಮೂಗಿನ ಹೊಳ್ಳೆಗೆ ಮಾತ್ರ ಕೂಡುವ ಸಣ್ಣ ಮಾಸ್ಕ್ ಬರುತ್ತದೆ, ನೇಸಲ್ ಪಿಲ್ಲೋ ಅನ್ನುತ್ತಾರೆ. ಮೀಸೆ ಗಡ್ಡದವರಿಗೆ, ಮುಖ ಮುಚ್ಚಿದರೆ ಹೆದರುವವರಿಗೆ ಅದು ಹೊಂದುವುದು ಹೆಚ್ಚು.

ಬಾಯಿ ಒಣಗುವುದು: ಮೂಗಿಗೆ ಹಾಕಿದ ಗಾಳಿ ತೆರೆದ ಬಾಯಿಯಿಂದ ಹೊರಬಿದ್ದರೆ ಬೆಳಗ್ಗೆ ನಾಲಿಗೆ ಒಣಗಿ ಅಂಟಿರುತ್ತದೆ. ಎಷ್ಟೋ ಸಲ ಮೂಗು ಕಟ್ಟಿರುವುದೇ ಇದಕ್ಕೆ ಕಾರಣ. ಮೊದಲು ಮೂಗಿಗೆ ಮದ್ದು ಕೇಳಿ. ಉಪ್ಪುನೀರಿನ ಹನಿ, ಮಷೀನಿನ ಹ್ಯುಮಿಡಿಫೈಯರ್ ಅನೇಕರಿಗೆ ಸಾಕಾಗುತ್ತದೆ. ಆಗದಿದ್ದರೆ ಗದ್ದದ ಬೆಲ್ಟ್, ಇಲ್ಲವೇ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್. ದೊಡ್ಡ ಮಾಸ್ಕಿನಲ್ಲಿ ಸೋರುವ ಜಾಗವೂ ಹೆಚ್ಚು, ಹಾಗಾಗಿ ಅದು ಮೊದಲ ಆಯ್ಕೆ ಆಗಬೇಕಿಲ್ಲ.

ಉಸಿರು ಕಟ್ಟಿದ ಭಯ: ಇದಕ್ಕೆ ನಾಚಬೇಡಿ. ಮೊದಲು ಹಗಲಿನಲ್ಲಿ, ಪೈಪ್ ಜೋಡಿಸದೆ, ಟಿವಿ ನೋಡುತ್ತ ಹತ್ತು ನಿಮಿಷ ಮಾಸ್ಕ್ ಕೈಯಲ್ಲಿ ಹಿಡಿದು ಮುಖಕ್ಕಿಟ್ಟುಕೊಳ್ಳಿ. ಮರುದಿನ ಬೆಲ್ಟ್ ಹಾಕಿ. ಆಮೇಲೆ ಪೈಪ್ ಜೋಡಿಸಿ ಮಷೀನ್ ಹಚ್ಚಿ ಕೂಡಿ. ಆಮೇಲೆ ಮಧ್ಯಾಹ್ನ ಒರಗಿದಾಗ ಹಾಕಿ. ನಂತರ ರಾತ್ರಿ. ಮಷೀನಿನಲ್ಲಿ ರ‍್ಯಾಂಪ್ ಅಂತ ಇರುತ್ತದೆ. ಅದನ್ನು ಇಟ್ಟರೆ ಗಾಳಿ ಮೆಲ್ಲಗೆ ಶುರುವಾಗಿ, ನಿದ್ದೆ ಹತ್ತುವ ಹೊತ್ತಿಗೆ ಪೂರ್ತಿ ಒತ್ತಡಕ್ಕೆ ಏರುತ್ತದೆ. ಹೊಟ್ಟೆ ಉಬ್ಬರಿಸಿದರೆ, ಗಾಳಿ ಎದುರು ಉಸಿರು ಬಿಡಲು ಆಗದಿದ್ದರೆ ಡಾಕ್ಟರಿಗೆ ಹೇಳಿ ಒತ್ತಡ ಬದಲಿಸಿಕೊಳ್ಳಿ. ನೀವೇ ತಿರುವಬೇಡಿ.

ಒಂದು ಮಾತು ಮರೆಯಬಾರದು. ಮಾಸ್ಕಿನ ಮುಂದೆ ಸಣ್ಣ ತೂತುಗಳಿರುತ್ತವೆ. ನಾವು ಬಿಟ್ಟ ಕೆಟ್ಟ ಗಾಳಿ ಅಲ್ಲಿಂದಲೇ ಹೊರಹೋಗಬೇಕು. ಅಲ್ಲಿ ಗಾಳಿ ಬರುವುದು ಕಂಡು ನಮ್ಮ ಸಣ್ಣವ್ವ "ಮಾಸ್ಕ್ ತೂತಾಗ್ಯಾದ" ಅಂತ ಪ್ಲಾಸ್ಟರ್ ಅಂಟಿಸಿದ್ದಳು! ಅವಳಿಗೆ ಯಾರೂ ಹೇಳಿರಲಿಲ್ಲ. ಆ ತೂತು ಎಂದೂ ಮುಚ್ಚಬಾರದು. ಹಾಗೇ ಕೆಲವು ಮಾಸ್ಕಿನ ಕ್ಲಿಪ್ಪಿನಲ್ಲಿ ಆಯಸ್ಕಾಂತ ಇರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಅಂಥವರ ಪಕ್ಕ ಮಲಗುವವರು ಆಯಸ್ಕಾಂತ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ.

ಊರ ಮನೆಯ ತೊಂದರೆ ಪುಸ್ತಕದಲ್ಲಿ ಇರುವುದಿಲ್ಲ

ಮಷೀನಿನ ಜೊತೆ ಬರುವ ಇಂಗ್ಲಿಷ್ ಪುಸ್ತಕ ಎಸಿ ರೂಮಿನವರಿಗೆ ಬರೆದದ್ದು. ನಮ್ಮಲ್ಲಿ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೇವೆ. ಅಲ್ಲಿ ಪ್ಲಗ್ ಇಲ್ಲ. ಕಾಕಾ ಗಟ್ಟಿ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿಸಿಕೊಂಡರು. ಮಷೀನ್ ಒಂದು ಸ್ಟೂಲಿನ ಮೇಲಿರಲಿ, ನೆಲದ ಧೂಳು ಎಳೆದುಕೊಳ್ಳಬಾರದು. ತೊಗರಿ ರಾಶಿ ದಿನಗಳಲ್ಲಿ ಫಿಲ್ಟರ್ ವಾರಕ್ಕೊಮ್ಮೆಯಾದರೂ ತೆಗೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ.

ಕರೆಂಟ್ ಹೋದರೆ ಏನು ಗತಿ ಎಂದು ಎಲ್ಲರೂ ಕೇಳುತ್ತಾರೆ. ಮಷೀನ್ ನಿಂತರೆ ಮಾಸ್ಕ್ ತೆಗೆದುಬಿಡಿ, ಅಷ್ಟೇ. ಇನ್ವರ್ಟರ್ ಇದ್ದರೆ ಹ್ಯುಮಿಡಿಫೈಯರ್ ಬಂದ್ ಮಾಡಿ ಓಡಿಸಿ. ನೀರು ಕಾಯಿಸುವುದನ್ನು ಬಿಟ್ಟರೆ ಈ ಮಷೀನ್ ಹಳೆಯ ಸೀಲಿಂಗ್ ಫ್ಯಾನಿಗಿಂತ ಕಡಿಮೆ ಕರೆಂಟ್ ತಿನ್ನುತ್ತದೆ.

ಹ್ಯುಮಿಡಿಫೈಯರಿಗೆ ಬೋರ್ ನೀರು ಹಾಕಿದರೆ ತೊಟ್ಟಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಬೇಕು, ಅದನ್ನು ಮೆಡಿಕಲ್ ಶಾಪಿನಿಂದ ತನ್ನಿ. ಬ್ಯಾಟರಿಗೆ ಹಾಕಲು ಮಾರುವ ನೀರು ಬೇಡ. ತೊಟ್ಟಿಯ ನೀರು ದಿನಾ ಚೆಲ್ಲಿ ಬದಲಿಸಿ. ಪೈಪಿನಲ್ಲಿ ಗುಳುಗುಳು ನೀರು ನಿಂತರೆ ಹ್ಯುಮಿಡಿಫೈಯರ್ ಒಂದು ನಂಬರ್ ಇಳಿಸಿ, ಮಷೀನನ್ನು ತಲೆಗಿಂತ ಕೆಳಗಿಡಿ.

ತಲೆಗೆ, ಮುಖಕ್ಕೆ ಎಣ್ಣೆ ಹಚ್ಚಿಕೊಂಡು ಮಲಗುವ ರೂಢಿ ನಮ್ಮದು. ಎಣ್ಣೆ ಮುಖದ ಮೇಲೆ ಮಾಸ್ಕ್ ಜಾರುತ್ತದೆ, ರಬ್ಬರ್ ಬೇಗ ಕೆಡುತ್ತದೆ. ಮಲಗುವ ಮೊದಲು ಸೋಪಿನಿಂದ ಮುಖ ತೊಳೆದು ಒರೆಸಿಕೊಳ್ಳಿ. ಬೆಳಗ್ಗೆ ಮಾಸ್ಕಿನ ಅಂಚನ್ನು ಮೆದು ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಅಂಚು ಗಟ್ಟಿಯಾಗಿ ಹಳದಿ ತಿರುಗಿದರೆ ಅದರ ಆಯುಷ್ಯ ಮುಗಿಯಿತು, ಅದೊಂದನ್ನೇ ಬದಲಿಸಬಹುದು.

ಕೊನೆಯದು ನಾಚಿಕೆ. ಬೀಗರು ಬಂದ ದಿನ, ಮದುವೆ ಮನೆಗೆ ಹೋದ ದಿನ ಕಾಕಾ ಮಷೀನ್ ಮುಟ್ಟುತ್ತಿರಲಿಲ್ಲ. ಕಣ್ಣಿಗೆ ಚಸ್ಮಾ ಹಾಕಿದವರನ್ನು ನೋಡಿ ನಾವು ನಗುವುದಿಲ್ಲ. ಇದಕ್ಕೂ ನಗಬಾರದು ಎಂಬುದನ್ನು ಮನೆಯ ಹುಡುಗರಿಗೆ ಮೊದಲು ಹೇಳಬೇಕು.

ಕೇಳಬೇಕಾದದ್ದು ಕೇಳೋಣ

ಮಷೀನ್ ಮಾರುವವರಿಗೆ ಮೊದಲ ಮಾತು. ಎರಡು ಮೂರು ಮಾದರಿಯ ಮಾಸ್ಕನ್ನು ಮಲಗಿಸಿ ಹಾಕಿ ತೋರಿಸದೆ ದುಡ್ಡು ತೆಗೆದುಕೊಳ್ಳಬಾರದು. ಮೊದಲ ತಿಂಗಳಲ್ಲಿ ಮಾಸ್ಕ್ ಹೊಂದದಿದ್ದರೆ ಬದಲಿಸಿಕೊಡುವುದಾಗಿ ಬಿಲ್ಲಿನ ಮೇಲೆ ಬರೆದುಕೊಡಬೇಕು. ಕೊಳ್ಳುವ ನಾವೂ ಅದನ್ನು ಕೇಳಿಯೇ ದುಡ್ಡು ಕೊಡಬೇಕು. ಅಗ್ಗಕ್ಕೆ ಸಿಗುತ್ತದೆ ಎಂದು ಹಳೆಯ ಮಷೀನ್ ಕೊಳ್ಳುವವರು ಎಚ್ಚರ. ಒಳಗಿನ ಫೋಮ್ ಪುಡಿಯಾಗುವ ತೊಂದರೆಗಾಗಿ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ಲಕ್ಷಗಟ್ಟಲೆ ಮಷೀನ್‌ಗಳನ್ನು ವಾಪಸ್ ಕರೆದಿತ್ತು. ಮಾದರಿ, ನಂಬರ್ ನೋಡದೆ ತೆಗೆದುಕೊಳ್ಳಬೇಡಿ.

ಡಾಕ್ಟರುಗಳಿಗೆ ಎರಡನೆಯ ಮಾತು. "ಮಷೀನ್ ಹಾಕ್ಕೊಳ್ತೀರೇನ್ರಿ?" ಎಂದು ಕೇಳಿದರೆ ನಮ್ಮವರು "ಹೂನ್ರಿ" ಅಂದು ಎದ್ದು ಬರುತ್ತಾರೆ. ಎಷ್ಟು ತಾಸು, ಎಷ್ಟು ಸೋರುತ್ತದೆ ಎಂಬ ಲೆಕ್ಕ ಮಷೀನಿನಲ್ಲೇ ಇದೆ. ಅದನ್ನು ತರಿಸಿ ನೋಡಿ. ಅಮೆರಿಕದ ಮೆಡಿಕೇರ್ ವಿಮೆಯಲ್ಲಿ ಮೊದಲ ಮೂರು ತಿಂಗಳೊಳಗೆ, ಸತತ 30 ದಿನಗಳಲ್ಲಿ ಶೇ 70ರಷ್ಟು ರಾತ್ರಿ ಕನಿಷ್ಠ 4 ತಾಸು ಬಳಸಿದ್ದಾರೆಯೇ ಎಂದು ನೋಡಿ, ಡಾಕ್ಟರು ಮತ್ತೆ ಪರೀಕ್ಷೆ ಮಾಡಿದ ಮೇಲೆಯೇ ದುಡ್ಡು ಮುಂದುವರಿಯುತ್ತದೆ. ರೋಗಿ ಮೇಲೆ ಅಷ್ಟು ಕಟ್ಟುನಿಟ್ಟು ಸರಿಯೇ ಎಂಬುದು ಬೇರೆ ಮಾತು. ಆದರೆ ಮೊದಲ ಮೂರು ತಿಂಗಳು ಯಾರಾದರೂ ಹಿಂದೆ ಬಿದ್ದು ನೋಡಬೇಕು ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ.

ಸರ್ಕಾರಕ್ಕೆ ಮೂರನೆಯ ಮಾತು. ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್ ಯೋಜನೆಯಲ್ಲಿ ಈ ಮಷೀನಿನ ಖರ್ಚು ಒಂದು ಮಿತಿಯವರೆಗೆ ವಾಪಸ್ ಸಿಗುತ್ತದೆ. ಟಂಟಂ ಓಡಿಸುವವರಿಗೆ, ಒಕ್ಕಲುತನ ಮಾಡುವವರಿಗೆ ಸಿಜಿಎಚ್‌ಎಸ್ ಇಲ್ಲ. ಮಷೀನ್ ಕೊಡುವ ಮಾತು ದೊಡ್ಡದು, ಅದಕ್ಕೆ ಹೊತ್ತು ಹಿಡಿಯಬಹುದು. ಮಾಸ್ಕ್ ಕೂಡಿಸುವ ಕೆಲಸಕ್ಕೆ ಹೊತ್ತು ಬೇಕಿಲ್ಲ. ಕೋವಿಡ್ ಕಾಲದಲ್ಲಿ ಬೈಪ್ಯಾಪ್ ಮಾಸ್ಕನ್ನು ರೋಗಿಗಳ ಮುಖಕ್ಕೆ ಕಟ್ಟಿ, ಸೋರದಂತೆ ನೋಡಿಕೊಂಡ ನರ್ಸುಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಇದ್ದಾರೆ. ಕೈಚಳಕ ಅದೇ. ಯಾದಗಿರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನ, "ನಿಮ್ಮ ಮಷೀನ್, ಮಾಸ್ಕ್ ತನ್ನಿ, ಸರಿ ಮಾಡಿಕೊಡುತ್ತೇವೆ" ಎಂದು ಇಟ್ಟರೆ ಸಾಕು. ದೂರದವರಿಗೆ ಇ-ಸಂಜೀವಿನಿ ವಿಡಿಯೋ ಕರೆ ಇದೆ. ಬೆಲ್ಟ್ ಎಲ್ಲಿ ಬಿಗಿಯಾಗಿದೆ ಎಂಬುದು ವಿಡಿಯೋದಲ್ಲೂ ಕಾಣುತ್ತದೆ. ಶಹಾಪುರ, ಸುರಪುರದವರು ಬೆಲ್ಟ್ ಸಡಿಲಿಸಿಕೊಳ್ಳಲು ಕಲಬುರಗಿಗೋ ಹೈದರಾಬಾದಿಗೋ ದಿನದ ದುಡಿಮೆ ಬಿಟ್ಟು ಹೋಗಬೇಕೇ?

"ನಿಮಗ್ಯಾಕ್ರಿ, ಅವರವರ ಆರೋಗ್ಯ ಅವರವರ ಜವಾಬ್ದಾರಿ" ಎಂದು ಯಾರಾದರೂ ಹೇಳಬಹುದು. ಅವತ್ತು ಸಂಜೆ ಟಂಟಂ ಹಿಂದೆ ಕೂತಿದ್ದ ಒಂಬತ್ತು ಹೆಣ್ಣುಮಕ್ಕಳಿಗೆ ಅಪ್ನಿಯಾ ಇರಲಿಲ್ಲ. ಅವರ ಜೀವ ಕಾಕಾನ ನಿದ್ದೆಯ ಮೇಲೆ ನಿಂತಿತ್ತು.

ಕಾಕಾ ಈಗ ಸಣ್ಣ ಮಾಸ್ಕ್ ಹಾಕಿಕೊಳ್ಳುತ್ತಾರೆ, ಮೀಸೆ ಹಾಗೇ ಇದೆ. ಮೊದಲ ವಾರ ದಿನಕ್ಕೆ ಎರಡು ತಾಸು, ಈಗ ಐದೂವರೆ, ಆರು. ಡಾಕ್ಟರು ಸರಿ ಅನ್ನುವವರೆಗೆ ಎರಡು ತಿಂಗಳು ಗಾಡಿಯನ್ನು ತಮ್ಮನ ಕೈಗೆ ಕೊಟ್ಟಿದ್ದರು. ಕೆಲವು ರಾತ್ರಿ ಇನ್ನೂ ನಿದ್ದೆಗಣ್ಣಲ್ಲಿ ಕಿತ್ತೆಸೆಯುತ್ತಾರೆ. ಸಣ್ಣವ್ವ ಎದ್ದು ಮತ್ತೆ ಹಾಕುತ್ತಾಳೆ, ಮೂಗಿನ ಮುಂದೆ ಕೈ ಹಿಡಿದು ನೋಡುವುದನ್ನು ಬಿಟ್ಟಿದ್ದಾಳೆ.

ನಿಮ್ಮ ಮನೆಯ ಕಪಾಟಿನ ಮೇಲೂ ಅಂಥ ಬ್ಯಾಗ್ ಇದ್ದರೆ, ಇದ್ದವರನ್ನು ಬೈಯುವ ಮೊದಲು ಅದನ್ನು ಕೆಳಗಿಳಿಸಿ. ಹಗಲು ಬೆಳಕಿನಲ್ಲಿ ಅವರನ್ನು ಮಲಗಿಸಿ, ಮಾಸ್ಕ್ ಹಾಕಿ, ಎಲ್ಲಿ ಒತ್ತುತ್ತದೆ ಎಂದು ಕೇಳಿ. ಆ ಉತ್ತರ ಬರೆದುಕೊಂಡು, ಮಷೀನ್ ಸಮೇತ ಡಾಕ್ಟರ ಹತ್ತಿರ ಹೋಗಿ.